ಪರೀಕ್ಷೆ ಮಾಡಿದವರು ವಾಪಸ್ ಬರಬೇಕು

ವೈಟ್‌ಫೀಲ್ಡ್ ಕಡೆಯ ಒಂದು ಸರ್ಕಾರಿ ಶಾಲೆ. ನಾಲ್ಕನೇ ತರಗತಿಯ ಟೀಚರ್ ಬೀರುವಿನಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು ನನ್ನ ಮುಂದೆ ಇಟ್ಟರು. ಇಲಾಖೆ ಕೇಳುವ ರಿಜಿಸ್ಟರ್ ಅಲ್ಲ, ಅವರದೇ ಪುಸ್ತಕ. ಒಂದೊಂದು ಮಗುವಿಗೆ ಒಂದೊಂದು ಪುಟ. ‘ಒತ್ತಕ್ಷರ ಬಂದರೆ ನಿಂತುಬಿಡ್ತಾಳೆ.’ ‘ಕಳೆಯುವ ಲೆಕ್ಕ ಬೋರ್ಡ್ ಮೇಲೆ ಬರಲ್ಲ, ಕೈಗೆ ಕಾಸು ಕೊಟ್ಟರೆ ಬರುತ್ತೆ.’ ‘ಆಗಸ್ಟ್‌ನಲ್ಲಿ ಯಾದಗಿರಿಯಿಂದ ಬಂದ. ಅಪ್ಪ ಅಮ್ಮ ಗಾರೆ ಕೆಲಸ. ಸಂಕ್ರಾಂತಿಗೆ ಊರಿಗೆ ಹೋದವನು ಬಂದಿಲ್ಲ.’

ನನ್ನ ಬ್ಯಾಗಲ್ಲೂ ಅದೇ ತರಗತಿಯ ಸಮೀಕ್ಷೆಯ ಫಲಿತಾಂಶ ಇತ್ತು. ಒಂದೇ ಸಾಲು: ಸರಾಸರಿಗಿಂತ ಕಡಿಮೆ.

‘ಮೇಡಂ, ಹೋದ ವರ್ಷಾನೂ ಬಂದು ಪರೀಕ್ಷೆ ಮಾಡಿಕೊಂಡು ಹೋದ್ರಿ. ಯಾವ ಮಗುಗೆ ಏನು ಬರಲಿಲ್ಲ ಅಂತ ನಮಗೆ ಯಾರೂ ಹೇಳಲೇ ಇಲ್ಲ’ ಅಂದರು. ಆ ತಂಡದಲ್ಲಿ ನಾನೂ ಇದ್ದೆ. ಇಪ್ಪತ್ತು ವರ್ಷದಿಂದ ಶಾಲೆಗಳ ಗುಣಮಟ್ಟ ಅಳೆಯುವುದೇ ನನ್ನ ಕೆಲಸ. ಆ ಮಾತಿನ ನಂತರ, ಫಲಿತಾಂಶವನ್ನು ಟೀಚರ್ ಕೈಗೆ ವಾಪಸ್ ಕೊಡದ ಯಾವ ಸಮೀಕ್ಷೆಗೂ ನಾನು ಒಪ್ಪಿಲ್ಲ.

ಅಳೆಯುವುದೇ ಬೇಡ ಅಂತಲ್ಲ. ಅಳತೆ ಬೇಕೇ ಬೇಕು. ಆದರೆ ಅಂಕವೇ ಗುರಿಯಾದರೆ ಅಂಕವನ್ನು ನಂಬಲಾಗದು. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ನಕಲು ತಡೆಯಲು ಕ್ಯಾಮೆರಾದ ನೇರ ಕಣ್ಗಾವಲು ಬಂತು. ಗ್ರೇಸ್ ಅಂಕವನ್ನು ಶೇ. 20ಕ್ಕೆ ಏರಿಸಿದರೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಮ್ಮ ಮಕ್ಕಳು ದಡ್ಡರಾದರಾ? ಖಂಡಿತ ಇಲ್ಲ. ನಕಲಿಗೆ ಇದ್ದ ದಾರಿ ಕಿರಿದಾಯಿತು. ಆ ದಾರಿ ಹುಟ್ಟಿದ್ದಾದರೂ ಹೇಗೆ? ಜಿಲ್ಲೆ ಜಿಲ್ಲೆಗೆ ರ‍್ಯಾಂಕ್ ಹಚ್ಚುತ್ತೇವೆ. ಮೇಲಿನವರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರನ್ನು ಕೇಳುತ್ತಾರೆ, ಬಿಇಒ ಹೆಡ್‌ಮಾಸ್ಟರನ್ನು ಕೇಳುತ್ತಾರೆ, ಹೆಡ್‌ಮಾಸ್ಟರ್ ಏನು ಮಾಡಬೇಕು ಹೇಳಿ? ಅಮೆರಿಕದಲ್ಲೂ ಇದೇ ಆಯಿತು. 2014ರೊಳಗೆ ಎಲ್ಲ ಮಕ್ಕಳೂ ಓದು, ಗಣಿತದಲ್ಲಿ ಪಾಸಾಗಲೇಬೇಕು ಅಂತ 2002ರಲ್ಲಿ ಕಾನೂನು ತಂದರು. ಅಟ್ಲಾಂಟಾದಲ್ಲಿ ಮಕ್ಕಳ ತಪ್ಪು ಉತ್ತರ ಅಳಿಸಿ ಶಾಲೆಯವರೇ ಸರಿ ಉತ್ತರ ತುಂಬಿದರು. 2015ರಲ್ಲಿ 11 ಜನ ತಪ್ಪಿತಸ್ಥರು ಅಂತ ತೀರ್ಪಾಯಿತು. ಅವರು ಮಾಡಿದ್ದು ತಪ್ಪೇ. ಆದರೆ ಅಂಥ ಗುರಿ ಇಟ್ಟವರನ್ನು ಯಾರೂ ಕಟಕಟೆಗೆ ಕರೆಯಲಿಲ್ಲ.

ಅಳತೆಯನ್ನು ಮನೆಯವರ ಮುಂದಿಡಲು ನಮ್ಮಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, 2001ರಿಂದ ಇದೆ. ಅಪ್ಪ ಅಮ್ಮಂದಿರೇ ಕೂತು ಶಾಲೆಯನ್ನು ಲೆಕ್ಕ ಕೇಳುವ ಜಾಗ ಅದು. ಎಷ್ಟೋ ಕಡೆ ನಡಾವಳಿ ಪುಸ್ತಕವೇ ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ಹೇಗೆ ಬರಬೇಕು?

ವೈಟ್‌ಫೀಲ್ಡ್ ಕಡೆಯ ಆ ಶಾಲೆಯಲ್ಲಿ ಸಭೆಯನ್ನು ಸಂಜೆ ಆರೂವರೆಗೆ ಇಟ್ಟುಕೊಂಡೆವು. ಬಜೆಟ್ಟು, ಬಣ್ಣ, ಕಾಂಪೌಂಡ್ ಮಾತು ಬೇಗ ಮುಗಿಯಿತು. ಟೀಚರ್ ಆ ನೋಟ್‌ಬುಕ್ ತೆಗೆದು, ಒಬ್ಬೊಬ್ಬ ತಾಯಿಯನ್ನೂ ಪಕ್ಕಕ್ಕೆ ಕೂರಿಸಿಕೊಂಡು ಅವರವರ ಮಗುವಿನ ಪುಟ ಓದಿದರು. ಕೊನೆಗೆ ಬಂದ ತಾಯಿ ಇನ್ನೂ ಐಡಿ ಕಾರ್ಡ್ ಕೊರಳಲ್ಲೇ ಹಾಕಿಕೊಂಡಿದ್ದರು. ಎಲ್ಲ ಕೇಳಿಸಿಕೊಂಡು, ‘ಒತ್ತಕ್ಷರ ಅಂದ್ರೆ ಯಾವುದು ಟೀಚರ್? ಬರೆದು ಕೊಡಿ, ರಾತ್ರಿ ಅವಳ ಹತ್ರ ಓದಿಸ್ತೀನಿ’ ಅಂದರು. ಟೀಚರ್ ಒಂದು ಹಾಳೆ ಹರಿದು, ದೊಡ್ಡದಾಗಿ ‘ಅಮ್ಮ’ ಅಂತ ಬರೆದು ಮ ಒತ್ತಿನ ಸುತ್ತ ಗುಂಡು ಹಾಕಿ ಕೊಟ್ಟರು.