ಸರ್ಕಾರಿ ಮುದ್ರೆಯ ತೂತು

ಎಲ್ಲರ ಮನೆ ದೋಸೆಯೂ ತೂತೇ ಎಂದು ನಾವೊಂದು ಗಾದೆ ಮಾಡಿ ಸುಮ್ಮನಾದೆವು. ಫ್ರೆಂಚರು ಅಷ್ಟಕ್ಕೆ ಬಿಡುವ ಜನವಲ್ಲ. ತೂತು ಎಷ್ಟು ದೊಡ್ಡದಿರಬೇಕು, ಎಷ್ಟು ಚಿಕ್ಕದಿರಬೇಕು ಎಂದು ಕಡತ ತಯಾರಿಸಿ, ಅದನ್ನು ಬ್ರಸೆಲ್ಸ್‌ವರೆಗೂ ಹೊತ್ತುಕೊಂಡು ಹೋಗಿ, ಐರೋಪ್ಯ ಒಕ್ಕೂಟದ ಮುದ್ರೆ ಒತ್ತಿಸಿಕೊಂಡು ಬಂದಿದ್ದಾರೆ. ದೋಸೆಯ ತೂತಲ್ಲ, ಗ್ರುಯೇರ್ ಚೀಸಿನ ತೂತು. ಬಟಾಣಿ ಕಾಳಿಗಿಂತ ಸಣ್ಣದಾಗಕೂಡದು, ಚೆರ್ರಿ ಹಣ್ಣಿಗಿಂತ ದೊಡ್ಡದಾಗಕೂಡದು.

ಇಷ್ಟೆಲ್ಲ ಓಡಾಡಿ ಗಿಟ್ಟಿಸಿಕೊಂಡ ತೂತು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದರೆ, ಬಹಳ ಸಲ, ಕ್ರೋಕ್ ಮಸ್ಯೂ ಎಂಬ ಸ್ಯಾಂಡ್‌ವಿಚ್ಚಿಗೆ. 1910ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಕೆಫೆಗಳಲ್ಲಿ ಹೆಸರು ಮಾಡಿದ ತಿನಿಸು ಇದು. ಎರಡು ಸ್ಲೈಸ್ ಬಿಳಿ ಬ್ರೆಡ್ಡು, ನಡುವೆ ಹ್ಯಾಮು ಎಂಬ ಹಂದಿಮಾಂಸ, ಒಳಗೂ ಮೇಲೂ ಚೀಸು. ಕೆಫೆ ಸ್ವಲ್ಪ ಅನುಕೂಲಸ್ಥರದ್ದಾದರೆ ಬೆಣ್ಣೆ, ಮೈದಾ, ಹಾಲಿನಲ್ಲಿ ಕಾಸಿದ ಬೆಶಮೆಲ್ ಸಾಸಿನ ಒಂದು ಪದರ. ಓವನ್ನಿನಿಂದ ಬರುವಾಗ ಮೇಲಿನ ಚೀಸು ಗುಳ್ಳೆಯೆದ್ದು ಅಲ್ಲಲ್ಲಿ ಕಂದು ತಿರುಗಿರುತ್ತದೆ. ಅಂಚಿನಿಂದ ಕೆಳಗಿಳಿದದ್ದು ಗರಿಗರಿಯಾಗಿ ಹತ್ತಿಕೊಂಡಿರುತ್ತದೆ. ಅನುಭವಸ್ಥರು ಮೊದಲು ಚಾಕು ಹಾಕುವುದು ಅಲ್ಲಿಗೇ. ಮಸ್ಯೂ ಎಂದರೆ ಸಾಹೇಬರು; ಮೇಲೊಂದು ಮೊಟ್ಟೆ ಹುರಿದು ಕೂರಿಸಿದರೆ ಸಾಹೇಬರು ಹೋಗಿ ಮೇಡಮ್ಮು, ಅಂದರೆ ಕ್ರೋಕ್ ಮದಾಮ್. ಭಾನುವಾರ ಹನ್ನೊಂದಕ್ಕೆ ಎದ್ದು, ತಿಂಡಿಗೂ ಹೊತ್ತು ಮೀರಿ, ಊಟಕ್ಕೂ ಹೊತ್ತಾಗದೆ ಬ್ರಂಚು ಎಂದು ಬಂದು ಕೂರುವವರಿಗೆ ಹೇಳಿ ಮಾಡಿಸಿದ್ದು.

ಸಾಮಾನು ಮೂರೇ. ಕಾನೂನು ಮಾತ್ರ ಮೂಟೆ.

ಮೊದಲು ಬ್ರೆಡ್ಡನ್ನೇ ನೋಡಿ. ಫ್ರಾನ್ಸಿನಲ್ಲಿ ಬ್ರೆಡ್ಡೆಂದರೆ ರಾಷ್ಟ್ರೀಯ ಆಸ್ತಿ. ಸಾಂಪ್ರದಾಯಿಕ ಬ್ರೆಡ್ಡಿಗೆ ಏನು ಹಾಕಬಹುದು, ಏನು ಹಾಕಬಾರದು ಎಂದು 1993ರಲ್ಲೇ ಆದೇಶ ಹೊರಟಿದೆ. ಹಿಟ್ಟು ನಾದುವುದರಿಂದ ಬೇಯಿಸುವವರೆಗೆ ತಾನೇ ಮಾಡದವನು ಅಂಗಡಿಗೆ ಬೇಕರಿ ಎಂಬ ಬೋರ್ಡು ಹಾಕುವಂತಿಲ್ಲ ಎಂದು 1998ರಲ್ಲಿ ಕಾಯ್ದೆಯೇ ಆಯಿತು. 2022ರಲ್ಲಿ ಬಗೆಟ್ ಎಂಬ ಉದ್ದನೆ ಬ್ರೆಡ್ಡು ಮಾಡುವ ಕಸುಬನ್ನು ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಸಂತೋಷ. ಆದರೆ ಕ್ರೋಕ್ ಮಸ್ಯೂಗೆ ಬೇಕಾದದ್ದು ಈ ಯಾವ ಮಾನಸನ್ಮಾನವನ್ನೂ ಕಾಣದ, ಪ್ಲಾಸ್ಟಿಕ್ ಚೀಲದಲ್ಲಿ ಚೌಕಾಕಾರವಾಗಿ ಮಲಗಿರುವ ಮೆತ್ತನೆ ಬ್ರೆಡ್ಡು. ದೇಶವೆಲ್ಲ ಬಗೆಟ್‌ಗೆ ಪಹರೆ ನಿಂತಿರುವಾಗ ಇದು ಹಿಂಬಾಗಿಲಿನಿಂದ ಅಡುಗೆಮನೆ ಹೊಕ್ಕಿದೆ.

ಅಡುಗೆಮನೆ ಎಂದೆ. ಅಲ್ಲೂ ಒಂದು ಸರ್ಕಾರಿ ಪಾತ್ರೆ ಇದೆ. ಹೋಟೆಲುಗಳು ಕಾರ್ಖಾನೆಯ ಪೊಟ್ಟಣ ಕತ್ತರಿಸಿ, ಬಿಸಿ ಮಾಡಿ, ನಮ್ಮ ಕೈಯಡುಗೆ ಎಂದು ಬಡಿಸುತ್ತಿವೆ ಎಂಬ ಕೂಗೆದ್ದಾಗ ಸರ್ಕಾರ 2014ರ ಜುಲೈನಲ್ಲಿ ‘ಇಲ್ಲೇ ಮಾಡಿದ್ದು’ ಎಂಬುದಕ್ಕೊಂದು ಲಾಂಛನ ತಂದಿತು. ಹಿಡಿಯಿರುವ ಪಾತ್ರೆ, ಅದರ ಮೇಲೆ ಮುಚ್ಚಳದ ಬದಲು ಮನೆಯ ಮಾಡು. ಚಿತ್ರವೇನೋ ಮುದ್ದಾಗಿದೆ. ನಿಯಮ ಓದಿದರೆ ಮಾಡಿನೊಳಗಿನ ಗಾಳಿ ಕಾಣುತ್ತದೆ. ಹಸಿ ಸಾಮಾನು ತಂದು ಹೋಟೆಲಿನಲ್ಲೇ ಬೇಯಿಸಬೇಕು, ಸರಿ. ಆದರೆ ಕೆಲವು ಸಾಮಾನುಗಳಿಗೆ ವಿನಾಯಿತಿ ಕೊಡಲಾಯಿತು, ಹೊರಗಿನಿಂದ ಸಿದ್ಧವಾದದ್ದೇ ತಂದರೂ ಅಡ್ಡಿಯಿಲ್ಲ. ಯಾವ ಸಾಮಾನು? ಬ್ರೆಡ್ಡು. ಚೀಸು. ಹ್ಯಾಮು.

ಪಟ್ಟಿ ಬರೆದ ಅಧಿಕಾರಿಯ ಮುಂದೆ ಆ ಹೊತ್ತಿಗೆ ತಿಂದು ಮುಗಿಸಿದ ಕ್ರೋಕ್ ಮಸ್ಯೂ ತಟ್ಟೆಯೊಂದು ಇದ್ದಿರಬೇಕು ಎಂದು ನನ್ನ ಗುಮಾನಿ. ಬ್ರೆಡ್ಡು ಕಾರ್ಖಾನೆಯದು, ಚೀಸು ಕಾರ್ಖಾನೆಯದು, ಹ್ಯಾಮು ಕಾರ್ಖಾನೆಯದು. ಮೂರನ್ನೂ ಒಂದರ ಮೇಲೊಂದು ಪೇರಿಸಿ ಓವನ್ನಿಗೆ ತಳ್ಳಿದರೆ ಕೈಯಡುಗೆ! ಉಳಿದದ್ದು ಬೆಶಮೆಲ್ ಒಂದೇ, ಅದನ್ನು ಮಾತ್ರ ಪಾಪ, ಅಡುಗೆಯವನು ನಿಂತು ತಿರುವಬೇಕು. ಸಾಸು ಹಾಕದ ಕೆಫೆಯಾದರೆ ಆ ಕಷ್ಟವೂ ತಪ್ಪಿತು. ಇತ್ತ ಆಲೂಗಡ್ಡೆಗೆ ಮಾತ್ರ ಅಂದಿನ ಆದೇಶ ಕನಿಕರ ತೋರಲಿಲ್ಲ. ಬೇರೆ ತರಕಾರಿಯನ್ನು ಸಿಪ್ಪೆ ತೆಗೆದದ್ದೇ ತರಿಸಬಹುದು, ಆಲೂಗಡ್ಡೆಯ ಸಿಪ್ಪೆಯನ್ನು ಹೋಟೆಲಿನಲ್ಲೇ ತೆಗೆಯಬೇಕು. ಹೀಗಾಗಿ, ಯಾರೋ ಕುಯ್ದು, ಉಪ್ಪುನೀರು ಹಾಕಿ, ಬೇಯಿಸಿ, ಸ್ಲೈಸ್ ಮಾಡಿ ಕಳಿಸಿದ ಹಂದಿ ಮನೆಯದು; ಯಾರೋ ಸಿಪ್ಪೆ ತೆಗೆದ ಆಲೂಗಡ್ಡೆ ಪರರದು.

(ಹ್ಯಾಮಿನ ಗುಲಾಬಿ ಬಣ್ಣ ನೈಟ್ರೈಟಿನ ಕೃಪೆ. ಅದು ಕರುಳಿನ ಕ್ಯಾನ್ಸರಿಗೆ ತಳುಕು ಹಾಕಿಕೊಂಡಿದೆ ಎಂದು ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆಯೇ 2022ರಲ್ಲಿ ಹೇಳಿತು. ಮರುವರ್ಷ ಸರ್ಕಾರ, ಕಡಿಮೆ ಮಾಡುತ್ತಾ ಬನ್ನಿ ಎಂದಿತು. ಪೂರ್ತಿ ಬಿಟ್ಟರೆ ಹ್ಯಾಮು ಬೂದುಬಣ್ಣಕ್ಕೆ ತಿರುಗುತ್ತದೆ, ಬೂದು ಹ್ಯಾಮಿಗೆ ಗಿರಾಕಿಯನ್ನು ಎಲ್ಲಿಂದ ತರುವುದು?)

ಈಗ ತೂತಿಗೆ ಬರೋಣ. ಗ್ರುಯೇರ್ ಹೆಸರಿನ ಊರು ಇರುವುದು ಸ್ವಿಟ್ಜರ್ಲೆಂಡಿನಲ್ಲಿ. 2001ರಲ್ಲಿ ಸ್ವಿಸ್ಸರು ಆ ಚೀಸಿಗೆ ತಮ್ಮ ದೇಶದಲ್ಲಿ ಮೂಲಸ್ಥಾನದ ಹಕ್ಕು, ಅಂದರೆ ಆ ಸೀಮೆಯಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು ಎಂಬ ಹಕ್ಕು, ಬರೆಸಿಕೊಂಡರು. ಗಡಿಯ ಈಚೆ ನಾವೂ ತಲೆತಲಾಂತರದಿಂದ ಇದನ್ನೇ ಮಾಡುತ್ತಿದ್ದೇವಲ್ಲ ಎಂದು ಫ್ರೆಂಚರು ಜಗಳ ತೆಗೆದರು. ಅದೇ ಮೇಲಿನ ದರ್ಜೆ ಕೊಡಲು ಬ್ರಸೆಲ್ಸ್ ಒಪ್ಪದೆ, 2013ರಲ್ಲಿ ಒಂದು ಮೆಟ್ಟಿಲು ಕೆಳಗಿನದನ್ನು ದಯಪಾಲಿಸಿತು. ಎರಡು ಗ್ರುಯೇರ್‌ಗಳನ್ನು ಗುರುತಿಸುವುದು ಹೇಗೆ? ಸ್ವಿಸ್ ಚೀಸಿನಲ್ಲಿ ತೂತು ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಫ್ರೆಂಚ್ ಚೀಸಿನಲ್ಲಿ ತೂತು ಇರಲೇಬೇಕು. ಜಮೀನಿನ ವ್ಯಾಜ್ಯದಲ್ಲಿ ಬೇಲಿ ಹಾಕುವುದನ್ನು ಕಂಡಿದ್ದೇವೆ. ಇಲ್ಲಿ ಖಾಲಿ ಜಾಗವೇ ಹಕ್ಕುಪತ್ರ.

ಹೀಗೆ ಗೆದ್ದ ತೂತನ್ನು ಕೆಫೆಯ ಹುಡುಗ ಏನು ಮಾಡುತ್ತಾನೆ? ಚೀಸನ್ನು ತುರಿಯುತ್ತಾನೆ. ತುರಿದ ತೂತಿನ ಅಳತೆ ತೆಗೆಯುವ ಇನ್‌ಸ್ಪೆಕ್ಟರು ಇನ್ನೂ ಹುಟ್ಟಿಲ್ಲ. ಅಷ್ಟೇಕೆ, ದಿನಸಿ ಅಂಗಡಿಯಲ್ಲಿ ಜನ ಬಾಯಿಮಾತಿಗೆ ಗ್ರುಯೇರ್ ಎಂದು ಕೇಳಿ ಕೊಳ್ಳುವ ತುರಿಯಲ್ಲಿ ಬಹುಪಾಲು ಎಮೆಂಟಲ್ ಎಂಬ ಬೇರೆ ಚೀಸೇ ಇರುತ್ತದೆ. ಎಮೆಂಟಲ್ಲಿನ ತೂತಿಗೂ ಕುತ್ತು ಬಂದಿದೆ. ತೂತುಗಳು ಯಾಕೆ ಕಡಿಮೆಯಾಗುತ್ತಿವೆ ಎಂದು ಸ್ವಿಸ್ ಸರ್ಕಾರದ ಆಗ್ರೋಸ್ಕೋಪ್ ಸಂಸ್ಥೆ ಚೀಸನ್ನು ಸಿ.ಟಿ. ಸ್ಕ್ಯಾನಿಗೆ ಮಲಗಿಸಿ, 2015ರಲ್ಲಿ ಉತ್ತರ ಕೊಟ್ಟಿತು: ಹಾಲು ಕರೆಯುವಾಗ ಬಕೆಟ್ಟಿಗೆ ಬೀಳುತ್ತಿದ್ದ ಒಣಹುಲ್ಲಿನ ಧೂಳೇ ತೂತಿನ ಬೀಜ. ಈಗ ಮುಚ್ಚಿದ ಯಂತ್ರದಲ್ಲಿ ಶುಚಿಯಾಗಿ ಕರೆಯುತ್ತಾರೆ. ಧೂಳಿಲ್ಲ, ಆದ್ದರಿಂದ ತೂತೂ ಇಲ್ಲ. ಒಂದು ಇಲಾಖೆ ಕೊಟ್ಟಿಗೆ ಗುಡಿಸು ಎನ್ನುತ್ತದೆ, ಇನ್ನೊಂದು ತೂತು ತೋರಿಸು ಎನ್ನುತ್ತದೆ. ನಡುವೆ ನಿಂತಿರುವ ಹಸುವಿಗೆ ಎರಡೂ ಸುತ್ತೋಲೆ ತಲುಪಿಲ್ಲ.

ಅಮೆರಿಕ ಇನ್ನೂ ಒಂದು ಕೈ ಮೇಲು. ಗ್ರುಯೇರ್ ಎಂದರೆ ಸಣ್ಣ ತೂತಿರುವ, ಕನಿಷ್ಠ 90 ದಿನ ಮಾಗಿದ ಚೀಸು ಎಂದು ಅಲ್ಲಿನ ಆಹಾರ ಇಲಾಖೆಯ ನಿಯಮ ಹೇಳುತ್ತದೆ, ಊರಿನ ಮಾತೇ ಇಲ್ಲ. ಸ್ವಿಸ್ಸರೂ ಫ್ರೆಂಚರೂ ಹಳೆ ಜಗಳ ಬದಿಗಿಟ್ಟು ಕೈಜೋಡಿಸಿ ಅಲ್ಲಿ ಕೇಸು ಹಾಕಿದರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ, ಆ ಹೆಸರು ಯಾರಪ್ಪನ ಮನೆ ಸ್ವತ್ತೂ ಅಲ್ಲ, ಎಲ್ಲಿ ಬೇಕಾದರೂ ಮಾಡಿ ಎಂದುಬಿಟ್ಟಿತು. ಅಮೆರಿಕದ ಅಳತೆ ಹಿಡಿದರೆ ಗ್ರುಯೇರ್ ಊರಿನ ತೂತಿಲ್ಲದ ಚೀಸೇ ಗ್ರುಯೇರ್ ಹೌದೋ ಅಲ್ಲವೋ ಎಂಬ ಅನುಮಾನ.

ಇನ್ನು ಫ್ರಾನ್ಸಿನ ತೆರಿಗೆ. ಫ್ರೀಜರಿನಿಂದ ಕೊಂಡ ಗಟ್ಟಿ ಕ್ರೋಕ್ ಮಸ್ಯೂಗೆ ಶೇ. 5.5, ಕೆಫೆಯಲ್ಲಿ ಬಿಸಿ ಮಾಡಿ ಕೊಟ್ಟದ್ದಕ್ಕೆ ಶೇ. 10. ತೆರಿಗೆ ಇಲಾಖೆಗೆ ರುಚಿಯಿಲ್ಲ, ಥರ್ಮಾಮೀಟರ್ ಇದೆ. ನಗಬೇಡಿ, ನಮ್ಮದು ಇದಕ್ಕೆ ತಲೆಕೆಳಗು. ಪ್ಯಾಕೆಟ್ ಪರೋಟವನ್ನು ತಿನ್ನುವ ಮುನ್ನ ಬಿಸಿ ಮಾಡಬೇಕು, ಆದ್ದರಿಂದ ಅದು ರೊಟ್ಟಿಯ ಜಾತಿಯಲ್ಲ, ಶೇ. 18 ಕಟ್ಟಿ ಎಂದು 2020ರಲ್ಲಿ ತೀರ್ಪಿತ್ತದ್ದು ನಮ್ಮ ಕರ್ನಾಟಕದ ಜಿಎಸ್‌ಟಿ ಪ್ರಾಧಿಕಾರ. ಹೋಟೆಲಿನಲ್ಲಿ ಕೂತು ಬಿಸಿಬಿಸಿ ತಿಂದರೆ ಶೇ. 5. ಅಲ್ಲಿ ಬಿಸಿಗೆ ದಂಡ, ಇಲ್ಲಿ ತಂಗಳಿಗೆ ದಂಡ. 2025ರ ಸೆಪ್ಟೆಂಬರಿನಲ್ಲಿ ಪ್ಯಾಕೆಟ್ ಪರೋಟದ ತೆರಿಗೆ ಸೊನ್ನೆಗಿಳಿದು ಅದಕ್ಕೆ ಜಾತಿವಿಮೋಚನೆಯಾಯಿತು.

ಈ ಗಲಾಟೆಯಲ್ಲಿ ಕಾಗದಪತ್ರ ನೆಟ್ಟಗಿರುವುದು ಕ್ರೋಕ್ ಮದಾಮಿನ ಮೊಟ್ಟೆಯದು ಮಾತ್ರ. ಕೋಳಿ ಬಯಲಲ್ಲಿ ಓಡಾಡಿತೋ ಗೂಡಿನಲ್ಲಿ ಕೂತಿತೋ ಎಂದು ಹೇಳುವ ಅಂಕಿ, ದೇಶದ ಗುರುತು, ಹುಟ್ಟಿದ ಫಾರಂ, ಎಲ್ಲ ಮೈಮೇಲೇ ಅಚ್ಚಾಗಿರುತ್ತದೆ. ಅಡುಗೆಯವನು ಅದನ್ನು ಬಾಣಲೆಯ ಅಂಚಿಗೆ ಒಮ್ಮೆ ಕುಟ್ಟಿ, ದಾಖಲೆಯನ್ನು ಕಸದ ಬುಟ್ಟಿಗೆ ಹಾಕಿ, ಉಳಿದದ್ದನ್ನು ಚೀಸಿನ ಮೇಲೆ ಕೂರಿಸುತ್ತಾನೆ.