ಯುದ್ಧದ ಮಕ್ಕಳಿಗೆ ಬೆಂಗಳೂರಿನಲ್ಲೂ ಒಂದು ಜಾಗ ಬೇಕು

ಓಬರ್‌ಹೌಸನ್ ಪ್ರವಾಸಿಗರು ಹುಡುಕಿಕೊಂಡು ಬರುವಂಥ ಊರೇನಲ್ಲ. ಜರ್ಮನಿಯ ರೂರ್ ಸೀಮೆಯ ಹಳೇ ಕಲ್ಲಿದ್ದಲು ಮತ್ತು ಉಕ್ಕಿನ ಊರು. ಗಣಿಗಳು ಮುಚ್ಚಿಹೋಗಿವೆ. ಊರಿನ ಆಡಳಿತದ ಮೇಲೆ ಸಾಲ ಜಾಸ್ತಿ. ನಾನಿರುವ ಡ್ಯೂಸೆಲ್ಡಾರ್ಫಿನಿಂದ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆ. ಅಲ್ಲಿ ‘ಫ್ರೀಡೆನ್ಸ್‌ಡಾರ್ಫ್’ ಅಂತ ಒಂದು ಸಂಸ್ಥೆ ಇದೆ. ನಮ್ಮಲ್ಲಾದರೆ ಶಾಂತಿಗ್ರಾಮ ಅನ್ನಬಹುದು. ಅಫ್ಘಾನಿಸ್ತಾನ, ಅಂಗೋಲದಂಥ ಯುದ್ಧ ಕಂಡ ದೇಶಗಳಿಂದ ಗಾಯಗೊಂಡ, ಕಾಯಿಲೆಬಿದ್ದ ಮಕ್ಕಳನ್ನು ಕರೆತಂದು, ಇಲ್ಲಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಕೊಡಿಸಿ, ಗುಣವಾದ ಮೇಲೆ ಅಪ್ಪ ಅಮ್ಮನ ಹತ್ತಿರ ವಾಪಸ್ ಕಳಿಸುವುದು ಇವರ ಕೆಲಸ. 1967ರಿಂದ ಇದನ್ನೇ ಮಾಡಿಕೊಂಡು ಬಂದಿದ್ದಾರೆ.

ಇಂಥದ್ದೊಂದು ಬೆಂಗಳೂರಿನಲ್ಲಿ ಇರಬೇಕು ಅನ್ನುವುದು ನನ್ನ ಬಲವಾದ ಅನಿಸಿಕೆ. ಅದಕ್ಕೆ ಬೇಕಾದದ್ದೆಲ್ಲ ನಮ್ಮಲ್ಲಿದೆ, ಒಂದನ್ನು ಬಿಟ್ಟು.

ಮೊದಲು ಇಲ್ಲಿನ ಕಥೆ ಹೇಳುತ್ತೇನೆ. 1967ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಅರಬ್ ದೇಶಗಳ ನಡುವೆ ಆರು ದಿನಗಳ ಯುದ್ಧ ನಡೆಯಿತು. ಆ ಸುದ್ದಿ ಕೇಳಿ ಓಬರ್‌ಹೌಸನ್ನಿನ ಒಬ್ಬ ಪಾದ್ರಿ ಮತ್ತು ಊರಿನ ಕೆಲವರು ಸೇರಿ, ಗಾಯಗೊಂಡ ಮಕ್ಕಳಿಗೆ ಏನಾದರೂ ಮಾಡಬೇಕು ಅಂತ ಸಂಘ ಕಟ್ಟಿದರು. ಸರ್ಕಾರ ಹೇಳಿದ್ದಲ್ಲ, ಯಾವುದೋ ದೊಡ್ಡ ಕಂಪನಿ ದುಡ್ಡು ಸುರಿದಿದ್ದೂ ಅಲ್ಲ. ಮಹಾಯುದ್ಧ ಮುಗಿದು ಆಗಿನ್ನೂ 22 ವರ್ಷ. ಬಾಂಬ್ ಬೀಳುವಾಗ ನೆಲಮಾಳಿಗೆಯಲ್ಲಿ ಕೂತಿದ್ದ ಮಕ್ಕಳು ಆಗ ತಾನೇ ದೊಡ್ಡವರಾಗಿದ್ದರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ ಮಕ್ಕಳು ಬಂದರು. 1975ರಲ್ಲಿ ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಉತ್ತರದವರ ಕೈಗೆ ಬಿದ್ದಾಗ ಇಲ್ಲಿದ್ದ ಎಷ್ಟೋ ಮಕ್ಕಳಿಗೆ ವಾಪಸ್ ಹೋಗುವ ದಾರಿಯೇ ಇಲ್ಲವಾಯಿತು. ಬಂದ ಮಗು ಮನೆಗೆ ಮರಳಲೇಬೇಕು ಅನ್ನುವುದು ಇವತ್ತು ಇವರ ಗಟ್ಟಿ ನಿಯಮ. ದತ್ತು ಕೊಡುವ ಮಾತೇ ಇಲ್ಲ. ಮಗುವಿನ ಊರಿನಲ್ಲಿ ಆ ಚಿಕಿತ್ಸೆ ಸಿಗುವಂತಿರಬಾರದು, ಇಲ್ಲಿ ಗುಣವಾಗುವ ಭರವಸೆ ಇರಬೇಕು, ಮನೆಯವರು ಬಡವರಾಗಿರಬೇಕು, ಮಗು ವಾಪಸ್ ಹೋಗುವುದು ಖಾತ್ರಿಯಾಗಿರಬೇಕು. ಇಷ್ಟಿದ್ದರೆ ಸೈ. ಜಾತಿ, ಧರ್ಮ, ಅಪ್ಪ ಯಾವ ಕಡೆ ಬಂದೂಕು ಹಿಡಿದಿದ್ದ, ಇದನ್ನೆಲ್ಲ ಕೇಳುವುದಿಲ್ಲ.

ಯುದ್ಧದ ಮಕ್ಕಳು ಅಂದ ತಕ್ಷಣ ನಮಗೆ ಗುಂಡು, ಬಾಂಬ್ ನೆನಪಾಗುತ್ತದೆ. ಆದರೆ ಇಲ್ಲಿಗೆ ಬರುವ ಮಕ್ಕಳಲ್ಲಿ ಎಷ್ಟೋ ಜನರಿಗೆ ಇರುವುದು ಮೂಳೆಯ ಸೋಂಕು. ಮಗು ಮರದಿಂದ ಬಿದ್ದು ಕಾಲು ಮುರಿದುಕೊಂಡಿತು ಅಂದುಕೊಳ್ಳಿ. ಮಂಡ್ಯದಲ್ಲೋ ಶಿರಸಿಯಲ್ಲೋ ಆದರೆ ಪ್ಲಾಸ್ಟರ್ ಹಾಕಿಸಿ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಶಾಲೆಗೆ ಕಳಿಸುತ್ತೇವೆ. ಆಸ್ಪತ್ರೆಯೇ ಇಲ್ಲದ ಕಡೆ, ಡಾಕ್ಟರು ದೇಶ ಬಿಟ್ಟು ಹೋಗಿರುವ ಕಡೆ, ಗಾಯ ಕೀವಾಗಿ ಮೂಳೆಯೊಳಗೆ ಇಳಿಯುತ್ತದೆ. ವರ್ಷಗಟ್ಟಲೆ ಸೋರುತ್ತದೆ. ಕೊನೆಗೆ ಕಾಲೇ ಹೋಗಬಹುದು, ಜೀವವೂ ಹೋಗಬಹುದು. ಅಂಗೋಲದ ಅಂತರ್ಯುದ್ಧ ಶುರುವಾಗಿದ್ದು 1975ರಲ್ಲಿ, ಮುಗಿದಿದ್ದು 2002ರಲ್ಲಿ. ಮುಗಿದ ಎಷ್ಟೋ ವರ್ಷಕ್ಕೆ ಹುಟ್ಟಿದ ಮಗುವೂ ಅದರ ಪೆಟ್ಟು ತಿನ್ನುತ್ತಿದೆ.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಶಾಲಾ ಟೀಚರ್ ಆಗಿದ್ದವರು, ಈಗ ನಿವೃತ್ತಿ. ಗುರುವಾರ ಗುರುವಾರ ಆಸ್ಪತ್ರೆಗೆ ಹೋಗಿ, ಅಲ್ಲಿ ಮಲಗಿರುವ ಶಾಂತಿಗ್ರಾಮದ ಮಗುವಿನ ಜೊತೆ ಕೂತು ಬರುತ್ತಾರೆ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಅಂಗೋಲದ ಹುಡುಗ, ಎಂಟು ವರ್ಷ ಇರಬಹುದು. ಮೊಣಕಾಲಿನ ಕೆಳಗೆ ಕಬ್ಬಿಣದ ಚೌಕಟ್ಟು, ಅದರ ಸರಳುಗಳು ಚರ್ಮದ ಒಳಗೆ ಹೋಗಿವೆ. ಅವನು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅಜ್ಜಿ ಬ್ಯಾಗಿನಿಂದ ನೇಲ್ ಕಟರ್ ತೆಗೆದು ಮೊದಲು ಅವನ ಉಗುರು ಕತ್ತರಿಸಿದರು. ಆಮೇಲೆ ಲೂಡೋ ಶುರು. ಅವರು ಕನ್ನಡಕ ಒರೆಸಿಕೊಳ್ಳುವ ಹೊತ್ತಿಗೆ ಹುಡುಗ ತನ್ನ ಕಾಯಿಯನ್ನು ಎರಡು ಮನೆ ಮುಂದೆ ತಳ್ಳಿದ. ಅಜ್ಜಿ ಏನೂ ಮಾತಾಡದೆ ಅದನ್ನು ಹಿಂದಕ್ಕೆ ಇಟ್ಟರು. ಇಬ್ಬರೂ ನಕ್ಕರು. ಅವನ ಜರ್ಮನ್ ನನ್ನದಕ್ಕಿಂತ ಚುರುಕಾಗಿತ್ತು. ಮುಂದಿನ ವಿಮಾನ ಯಾವಾಗ ಅಂತ ಅವನು ಕೇಳಿದ, ಅವರು ತಿಂಗಳ ಹೆಸರು ಹೇಳಿದರು.

ಅಜ್ಜಿಯ ಬಾಯಲ್ಲಿ ಶಾಂತಿ ಅನ್ನುವ ಪದವೇ ಬರಲಿಲ್ಲ. ಮುಂದಿನ ಗುರುವಾರ ಬಸ್ ಮುಷ್ಕರ ಇದೆಯಂತೆ, ಸೈಕಲ್ಲಿನಲ್ಲಿ ಬರುತ್ತೇನೆ ಅಂತ ಮಾತ್ರ ಹೇಳಿದರು.

ಇನ್ನು ನಮ್ಮ ಕಡೆ. ನಮಗೆ ಮನಸ್ಸಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. 2003ರ ಜುಲೈ ನೆನಪಿದೆಯಾ? ಕಾರ್ಗಿಲ್ ಮುಗಿದು ನಾಲ್ಕು ವರ್ಷ. 2002ರಲ್ಲಷ್ಟೇ ಗಡಿಯಲ್ಲಿ ಎರಡೂ ಸೇನೆ ಎದುರುಬದುರಾಗಿ ನಿಂತಿದ್ದವು. ನಿಂತುಹೋಗಿದ್ದ ದೆಹಲಿ–ಲಾಹೋರ್ ಬಸ್ಸು ಮತ್ತೆ ಶುರುವಾದಾಗ, ಹೃದಯದಲ್ಲಿ ತೂತಿದ್ದ ಎರಡೂವರೆ ವರ್ಷದ ಹೆಣ್ಣು ಮಗುವೊಂದು ಅಪ್ಪ ಅಮ್ಮನ ಜೊತೆ ಅದರಲ್ಲಿ ಬಂದಳು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಆಪರೇಷನ್ ಆಯಿತು. ಇಡೀ ದೇಶ ಅವಳಿಗಾಗಿ ಪ್ರಾರ್ಥನೆ ಮಾಡಿತು. ಹೂವು, ಆಟಿಕೆ, ದುಡ್ಡು ಎಲ್ಲ ಕಡೆಯಿಂದ ಬಂತು. ‘ಶತ್ರು ದೇಶದ ಮಗು’ ಅಂತ ಯಾರೂ ಹಿಂಜರಿಯಲಿಲ್ಲ. ಆ ವಾರ ಬೆಂಗಳೂರು ಮಾಡಿದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ.

ಅದಕ್ಕೂ ಹಿಂದೆ ಹೋದರೆ ಬೈಲುಕುಪ್ಪೆ ಇದೆ. 1960ರ ದಶಕದ ಶುರುವಿನಲ್ಲಿ, ಟಿಬೆಟ್ ಬಿಟ್ಟು ಓಡಿಬಂದವರಿಗೆ ಮೈಸೂರು ರಾಜ್ಯ ಸಾವಿರಾರು ಎಕರೆ ಜಮೀನು ಕೊಟ್ಟಿತು. ಬೆಟ್ಟ ದಾಟಿ ಬಂದ ಮಕ್ಕಳು ಅಲ್ಲಿ ಶಾಲೆ ಕಲಿತರು. ಇದೇನು ಸಣ್ಣ ಮಾತಾ?

ವ್ಯತ್ಯಾಸ ಎಲ್ಲಿದೆ ಅಂದರೆ, ನಮ್ಮಲ್ಲಿ ಒಂದು ಮಗುವಿನ ಮುಖ ಟಿವಿಯಲ್ಲಿ ಬಂದರೆ ಎದೆ ಕರಗುತ್ತದೆ, ಕೈ ಜೇಬಿಗೆ ಹೋಗುತ್ತದೆ. ಎರಡನೇ ಮಗು ಬರುವ ಹೊತ್ತಿಗೆ ಕ್ಯಾಮೆರಾ ಹೋಗಿರುತ್ತದೆ. ಓಬರ್‌ಹೌಸನ್ನಿನವರದು ಸಪ್ಪೆಯಾದ ದಾರಿ. ವಿಮಾನ ಬರುತ್ತದೆ, ಡ್ಯೂಸೆಲ್ಡಾರ್ಫ್ ನಿಲ್ದಾಣದಲ್ಲಿ ಆಂಬುಲೆನ್ಸ್‌ಗಳು ಕಾಯುತ್ತಿರುತ್ತವೆ, ಮಕ್ಕಳನ್ನು ಬೇರೆ ಬೇರೆ ಊರಿನ ಆಸ್ಪತ್ರೆಗಳಿಗೆ ಹಂಚುತ್ತಾರೆ. ಗುಣವಾದವರು ಅದೇ ವಿಮಾನದಲ್ಲಿ ಮನೆಗೆ ಹೊರಡುತ್ತಾರೆ. ಬಟ್ಟೆ ವಿಂಗಡಿಸುವವರು, ವಾರ್ಡಿಗೆ ಹೋಗಿ ಕೂರುವವರು, ಗಾಯಕ್ಕೆ ಪಟ್ಟಿ ಕಟ್ಟುವವರು, ಎಲ್ಲರಿಗೂ ವಾರದಲ್ಲಿ ಇಂಥ ದಿನ, ಇಂಥ ಗಂಟೆ ಅಂತ ಗೊತ್ತಾಗಿದೆ. ಅವರು ದುಡ್ಡಿನ ಜೊತೆಗೆ ಹೊತ್ತನ್ನೂ ಕೊಡುತ್ತಾರೆ, ಅದೂ ಮೊದಲೇ ಮಾತು ಕೊಟ್ಟು. ನಮ್ಮಲ್ಲಿ ಕಾಣದ ಆ ಒಂದು ಅಂದೆನಲ್ಲ, ಅದು ಇದು.

ಹಾಗಂತ ಅವರದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳು ಅಪ್ಪ ಅಮ್ಮ ಇಲ್ಲದೆ ಒಂಟಿಯಾಗಿ ಬರುತ್ತಾರೆ, ತಿಂಗಳುಗಟ್ಟಲೆ ಇರುತ್ತಾರೆ. ಲೆಕ್ಕ ಅರ್ಥವಾಗುತ್ತದೆ, ತಾಯಿಯನ್ನೂ ಕರೆತಂದರೆ ಊರಿನಲ್ಲಿರುವ ಉಳಿದ ಮಕ್ಕಳ ಗತಿ ಏನು, ಖರ್ಚು ಯಾರದು ಅಂತ. ಆದರೂ ಐದು ವರ್ಷದ ಮಗು ಆಪರೇಷನ್ ಥಿಯೇಟರಿಗೆ ಒಬ್ಬನೇ ಹೋಗುವುದನ್ನು ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ. ಈ ವಿಷಯದಲ್ಲಿ ನಮ್ಮ ದಾರಿಯೇ ಮೇಲು. ನಮ್ಮಲ್ಲಿ ರೋಗಿಯ ಪಕ್ಕ ಮನೆಯವರೊಬ್ಬರು ಇಲ್ಲದ ಹಾಸಿಗೆ ಕಾಣುವುದೇ ಅಪರೂಪ. ಬೆಂಗಳೂರಿನಲ್ಲಿ ಮಾಡುವುದಾದರೆ ಅಮ್ಮನನ್ನೋ ಅಜ್ಜಿಯನ್ನೋ ಜೊತೆಗೆ ಕರೆಸಬೇಕು. ನಮ್ಮ ಖರ್ಚಿನ ಮಟ್ಟಕ್ಕೆ ಅದು ಆಗದ ಮಾತಲ್ಲ.

ಇಲ್ಲಿ ಈಚೆಗೆ ಪುಕ್ಕಟೆ ಹಾಸಿಗೆ ಸಿಗುವುದೂ ಕಷ್ಟವಾಗಿದೆ. ಜರ್ಮನಿಯ ಆಸ್ಪತ್ರೆಗಳಿಗೆ ಈಗ ಒಂದೊಂದು ಕಾಯಿಲೆಗೆ ಇಷ್ಟು ಅಂತ ಗೊತ್ತುಮಾಡಿದ ಹಣ ಬರುತ್ತದೆ. ಆಡಳಿತ ನಡೆಸುವವರು ಪ್ರತಿ ಹಾಸಿಗೆಯ ಲೆಕ್ಕ ನೋಡುತ್ತಾರೆ. ಮೊದಲು ಡಾಕ್ಟರ್ ಒಬ್ಬರು ಹೂಂ ಅಂದರೆ ಆಗುತ್ತಿತ್ತು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ಮಕ್ಕಳ ವಿಮಾನ ಇಳಿಯುವ ಡ್ಯೂಸೆಲ್ಡಾರ್ಫಿನಲ್ಲೇ ದೊಡ್ಡ ಶಸ್ತ್ರಾಸ್ತ್ರ ಕಂಪನಿ ರೈನ್‌ಮೆಟಾಲ್‌ನ ಮುಖ್ಯ ಕಚೇರಿ ಇದೆ. ಶಸ್ತ್ರಾಸ್ತ್ರ ಮಾರುವ ದೇಶಗಳ ಸಾಲಿನಲ್ಲಿ ಜರ್ಮನಿ ಮುಂದೆಯೇ ಇದೆ. ಶಾಂತಿಗ್ರಾಮದವರು ಸುಮ್ನೆ ಗಾಯಕ್ಕೆ ಮದ್ದು ಹಚ್ಚಿ ಕೂರುವುದಿಲ್ಲ. ಶಾಲೆಯ ಮಕ್ಕಳನ್ನು ಕರೆಸಿ ಯುದ್ಧ ಅಂದರೆ ಏನು ಅಂತ ಮಾತಾಡಿಸುತ್ತಾರೆ. ಕಾಲಿಗೆ ಚೌಕಟ್ಟು ಹಾಕಿಕೊಂಡು ಚೆಂಡಿನ ಹಿಂದೆ ಓಡುವ ತನ್ನ ವಯಸ್ಸಿನ ಹುಡುಗನನ್ನು ನೋಡಿದ ಮಗು, ಮುಂದೆ ಟಿವಿಯಲ್ಲಿ ಯುದ್ಧದ ಸುದ್ದಿ ಬಂದಾಗ ಚಪ್ಪಾಳೆ ಹೊಡೆಯುವುದು ಕಷ್ಟ. ನಮ್ಮ ಬೆಂಗಳೂರೂ ಯುದ್ಧವಿಮಾನ, ರೇಡಾರ್ ಮಾಡುವ ಊರೇ ಅಲ್ವಾ? ದೇಶಕ್ಕೆ ರಕ್ಷಣೆ ಬೇಕು, ಒಪ್ಪುತ್ತೇನೆ. ಅದೇ ಊರಿನ ಮಕ್ಕಳು ಯುದ್ಧದ ಇನ್ನೊಂದು ಮುಖವನ್ನೂ ನೋಡಿ ಬೆಳೆಯಲಿ ಅಂತ ನನ್ನ ಆಸೆ.

‘ನಮ್ಮ ಮಕ್ಕಳಿಗೇ ದಿಕ್ಕಿಲ್ಲ, ಹೊರಗಿನವರನ್ನು ಯಾಕೆ ತರಬೇಕು?’ ಇಲ್ಲಿನ ಕನ್ನಡ ಗೆಳೆಯರ ಹತ್ತಿರ ಇದನ್ನು ಎತ್ತಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಸರಿ, ನಮ್ಮವರಿಂದಲೇ ಶುರು ಮಾಡೋಣ. 2023ರ ಮೇಯಲ್ಲಿ ಮಣಿಪುರ ಹೊತ್ತಿ ಉರಿದ ಮೇಲೆ ಎಷ್ಟು ಮಕ್ಕಳು ಶಿಬಿರಗಳಲ್ಲಿ ದಿನ ದೂಡಿದರು! 2025ರ ಮೇಯಲ್ಲಿ ಜಮ್ಮು ಕಾಶ್ಮೀರದ ಗಡಿಯಲ್ಲಿರುವ ಪೂಂಚ್‌ನ ಮನೆಗಳ ಮೇಲೆ ಶೆಲ್ ಬಿದ್ದು ಮಕ್ಕಳು ಸತ್ತರು, ಗಾಯಗೊಂಡರು. ಅವರಿಗೆ ನಾವು ಏನು ಮಾಡಿದೆವು? ಸಾಲದಲ್ಲಿ ಮುಳುಗಿದ ಓಬರ್‌ಹೌಸನ್ ತನ್ನ ಊರಿನವರ ಕಷ್ಟ ತೀರಲಿ ಅಂತ ಕಾಯಲಿಲ್ಲ.

ಬೆಂಗಳೂರಿಗೆ ಯೆಮನ್, ಇರಾಕ್, ಸುಡಾನ್ ಕಡೆಯಿಂದ ಕೈಯಿಂದ ದುಡ್ಡು ಹಾಕಿ ಚಿಕಿತ್ಸೆಗೆ ಬರುವವರು ಈಗಲೇ ಇದ್ದಾರೆ. ಅರಬಿ ದುಭಾಷಿಗಳು ಆಸ್ಪತ್ರೆಗಳಲ್ಲಿ ಸಿಗುತ್ತಾರೆ. ಮೈಸೂರು, ಬೆಂಗಳೂರಿನಲ್ಲಿ ಅಫ್ಘನ್ ವಿದ್ಯಾರ್ಥಿಗಳು ಓದಿ ಹೋಗಿದ್ದಾರೆ. ಮೂಳೆ ಕೂಡಿಸುವ, ಸುಟ್ಟ ಗಾಯ ಸರಿಮಾಡುವ ಒಳ್ಳೇ ಡಾಕ್ಟರುಗಳಿಗೆ ಬರವಿಲ್ಲ. ಪಕ್ಕದ ಬೀದಿಯಲ್ಲಿ ನಿವೃತ್ತ ಮೇಷ್ಟ್ರುಗಳೂ ಇದ್ದಾರೆ.

ವೀಸಾ, ಆಸ್ಪತ್ರೆಯ ಒಪ್ಪಿಗೆ, ಮಗು ವಾಪಸ್ ಹೋಗುವ ಖಾತ್ರಿ, ಇವೆಲ್ಲ ತಲೆನೋವಿನ ಕೆಲಸ, ನಿಜ. ಆದ್ದರಿಂದ ಚಿಕ್ಕದಾಗಿ ಹಿಡಿಯೋಣ. ಎರಡೇ ಹಾಸಿಗೆ, ಒಬ್ಬ ಮೂಳೆ ಡಾಕ್ಟರ್, ಪೂಂಚ್‌ನಿಂದಲೋ ಮಣಿಪುರದ ಚುರಾಚಾಂದ್‌ಪುರದಿಂದಲೋ ಬರುವ ಎರಡು ಮಕ್ಕಳು, ಜೊತೆಗೆ ಅವರ ಅಮ್ಮಂದಿರು. ಹೋಗಿಬರುವ ಖರ್ಚಿಗೆ ನಾವು ಹೊರನಾಡಿನವರು ವರ್ಷ ವರ್ಷ ದುಡ್ಡು ಎತ್ತಬಹುದು, ರಾಜ್ಯೋತ್ಸವಕ್ಕೆ ಹಾಲ್ ಬಾಡಿಗೆಗೆ ಹಿಡಿಯುವ ನಮಗೆ ಅದು ಭಾರವಲ್ಲ. ಆದರೆ ವಾರಕ್ಕೊಮ್ಮೆ ವಾರ್ಡಿಗೆ ಹೋಗಿ ಆ ಮಕ್ಕಳ ಜೊತೆ ಕೂರುವವರು ಬೆಂಗಳೂರಿನಲ್ಲೇ ಇರಬೇಕು. ಮೊದಲು ಅಂಥ ಇಪ್ಪತ್ತು ಜನ ಹೆಸರು ಕೊಡಲಿ, ಎರಡು ವರ್ಷ ತಪ್ಪದೆ ಬರುತ್ತೇವೆ ಅನ್ನಲಿ. ಆಸ್ಪತ್ರೆಯವರ ಹತ್ತಿರ ಮಾತಾಡುವುದು ಅದಾದ ಮೇಲೆ.