ಇಂಬಳವೇ ವಾಸಿ

ನಮ್ಮ ಸಾಹೇಬರಿಗೆ ‘ಉತ್ತಮ ನಾಯಕ’ ಅಂತ ಫಲಕ ಸಿಕ್ಕಿದೆ. ಗ್ರೂಪಿನಲ್ಲಿ ಫೋಟೋ ಬಿದ್ದದ್ದು ರಾತ್ರಿ 11.40ಕ್ಕೆ. ಎರಡೇ ನಿಮಿಷದಲ್ಲಿ ಹದಿನೆಂಟು ಚಪ್ಪಾಳೆ. ತೀರ್ಥಹಳ್ಳಿ ಕಡೆಯ ನಮ್ಮ ಗುಮಾಸ್ತರ ಮನೆಯಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆ ಪಕ್ಕದ ಹಲಸಿನ ಮರದ ಬುಡದಲ್ಲಿ ಮಾತ್ರ. ಆ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ಚಪ್ಪಾಳೆ ಒತ್ತಿ ಬಂದರಂತೆ. ಕಾಲಿಗೆ ಎರಡು ಇಂಬಳ, ಅದೇ ರಕ್ತ ಹೀರುವ ಜಿಗಣೆ. ‘ಇಂಬಳವೇ ವಾಸಿ ಮಾರಾಯ, ಹೊಟ್ಟೆ ತುಂಬಿದ ಮೇಲೆ ತಾನಾಗೇ ಉದುರುತ್ತೆ’ ಅಂದರು.

ಸಾಹೇಬರು ಬಂದ ಮೇಲೆ ಕಚೇರಿಯಲ್ಲಿ ಎಂಥ ಶಾಂತಿ! ‘ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?’ ಅಂತ ಪ್ರತಿ ಮೀಟಿಂಗಿನಲ್ಲೂ ಕೇಳುತ್ತಾರೆ. ಹಿಂದೆ ಒಬ್ಬರು ಹೇಳಿದ್ದರು. ‘ನಿಮಗೆ ಸಂಬಳ ಯಾಕೆ ಕೊಡ್ಬೇಕು?’ ಅಂತ ಎಲ್ಲರೆದುರೇ ಕೇಳಿಸಿಕೊಂಡರು. ಈಗ ಎಲ್ಲರಿಗೂ ತಮ್ಮ ಚಪ್ಪಲಿ ನೋಡುವ ಅಭ್ಯಾಸ.

ರೆಕಾರ್ಡ್ ರೂಮಿನ ಹೆಂಚು ಸರಿದು ನೀರು ಸೋರುತ್ತಿದೆ. ಮೊದಲಾದರೆ ಯಾರೋ ಒಬ್ಬರು ಬಕೆಟ್ ಇಡುತ್ತಿದ್ದರು, ಇನ್ಯಾರೋ ಏಣಿ ತರುತ್ತಿದ್ದರು. ಈ ಆಷಾಢದಲ್ಲಿ ಎಲ್ಲರೂ ನೋಡಿದರು, ಕುರ್ಚಿ ಅರ್ಧ ಅಡಿ ಸರಿಸಿಕೊಂಡರು. ಫೈಲು ನೆನೆದು ಕಡುಬಿನ ಹಾಗೆ ಊದಿವೆ. ನಾನೂ ಹೇಳಲಿಲ್ಲ. ಫಲಕ ತೂಗುಹಾಕಲು ಸಾಹೇಬರು ಆರಿಸಿರುವುದೂ ಅದೇ ಗೋಡೆ.

ಬೈಯುವ ಮೇಲಧಿಕಾರಿಯ ಕೈಕೆಳಗಿನವರಿಗೆ ಕೆಲಸದ ಮೇಲೆ ಮನಸ್ಸಿರಲ್ಲ, ಬಿಟ್ಟು ಹೋಗುವವರೂ ಜಾಸ್ತಿ, ಮನೆಯ ನೆಮ್ಮದಿಯೂ ಕೆಡುತ್ತೆ ಅಂತ ಅಮೆರಿಕದ ಸಂಶೋಧಕ ಬೆನೆಟ್ ಟೆಪ್ಪರ್ 2000ದಲ್ಲೇ ಅಧ್ಯಯನ ಮಾಡಿ ಬರೆದಿದ್ದಾರೆ. ನಮ್ಮ ಟೀ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ.

ಅಡಿಕೆ ತೋಟಕ್ಕೆ ಬನ್ನಿ. ಕೊಳೆ ರೋಗ ಬಾರದಿರಲಿ ಅಂತ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಒಂದು ಗೊನೆಗೆ ಬಂದರೆ ಪಕ್ಕದ್ದಕ್ಕೂ ಹತ್ತುತ್ತೆ, ಗೊತ್ತಲ್ವಾ. ಆದರೆ ಮರ ಹತ್ತುವ ಕೊನೆಗಾರನಿಗೆ ಯಾವ ಯಜಮಾನರಾದರೂ ಬೈದಿದ್ದಾರಾ? ಅವಲಕ್ಕಿ ಏನು, ಕಾಫಿ ಏನು, ‘ಇನ್ನೊಂದು ಲೋಟ ತಗೋ’ ಏನು! ಬೈದರೆ ನಾಳೆ ಪಕ್ಕದ ತೋಟದ ಮರದಲ್ಲಿರುತ್ತಾನೆ. ನಾವು ಎಲ್ಲಿ ಹತ್ತೋಣ? ಐದನೇ ತಾರೀಕು ಮನೆ ಸಾಲದ ಕಂತು.

ತಮಾಷೆ ಸಾಕು. ನಿನ್ನೆ ಹೊಸನಗರದಿಂದ ಬಸ್ಸಿನಲ್ಲಿ ಬಂದ ಅಜ್ಜಿಯ ಮೇಲೆ ನಾನೇ ರೇಗಿದೆ. ಸಹಿ ಎಲ್ಲಿ ಹಾಕಬೇಕು ಅಂತ ಕೇಳಿದ್ದರು, ಅಷ್ಟೇ. ಬೆಳಿಗ್ಗೆ ನನಗೆ ಬಿದ್ದದ್ದನ್ನು ಮಧ್ಯಾಹ್ನ ಅವರ ಮೇಲೆ ಸುರಿದೆ, ಅದೇ ದನಿಯಲ್ಲಿ, ಹೆಚ್ಚುಕಮ್ಮಿ ಅದೇ ಮಾತಿನಲ್ಲಿ. ಅಜ್ಜಿ ಏನೂ ಅನ್ನಲಿಲ್ಲ. ಕಾಗದ ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡರು, ‘ನಾಳೆ ಬರ್ತೀನಿ ಬಿಡಿ’ ಅಂದು ಕೊಡೆ ಬಿಚ್ಚಿದರು.